ನಾಲ್ಕು ಖಾನೆಯ ಡಬ್ಬಿ

ದೀಪಾವಳಿ ಕಳೆದು ಒಂದು ವಾರವಾಗುವಷ್ಟರಲ್ಲಿ, ಉಡುಗೊರೆಯಾಗಿ ಬಂದ ನಾಲ್ಕು ಖಾನೆಯ ಡಬ್ಬಿ ನಮ್ಮ ಮನೆಯಲ್ಲಿ ಪ್ರತಿ ವರ್ಷವೂ ಒಂದೇ ಸ್ಥಿತಿಗೆ ಬಂದಿರುತ್ತದೆ: ಗೋಡಂಬಿಯ ಖಾನೆಯಲ್ಲಿ ಬರೀ ಪುಡಿ, ಬಾದಾಮಿ ಅರ್ಧಕ್ಕರ್ಧ, ಖರ್ಜೂರದಲ್ಲಿ ಎರಡೋ ಮೂರೋ ಕಡಿಮೆ, ಒಣದ್ರಾಕ್ಷಿಯ ಗುಡ್ಡೆ ಮಾತ್ರ ಬಂದ ದಿನ ಇದ್ದಂತೆಯೇ. ಮುಚ್ಚಳದ ಮೇಲೆ ಚಿನ್ನದ ಅಕ್ಷರಗಳಲ್ಲಿ ‘ಡ್ರೈ ಫ್ರೂಟ್ಸ್’ ಎಂದು ಅಚ್ಚಾಗಿರುವುದರಿಂದ ನಾಲ್ಕೂ ಒಂದೇ ಕುಲದವೆಂದು ನಾವು ನಂಬಿದ್ದೇವೆ. ಕೈ ಮಾತ್ರ ಈ ನಂಬಿಕೆಯನ್ನು ಎಂದೂ ಒಪ್ಪಿದಂತಿಲ್ಲ.

ಹಣ್ಣೆಂಬುದು ತನ್ನ ಬೀಜವನ್ನು ದೂರ ಒಯ್ಯಲೆಂದು ಗಿಡವು ಹಕ್ಕಿಗೋ ಬಾವಲಿಗೋ ಕೊಡುವ ಕೂಲಿ. ಬೀಜವಾದರೋ ನಾಳೆ ಮೊಳೆಯಬೇಕಾದ ಕೂಸಿಗೆ ಅದೇ ಗಿಡ ಕಟ್ಟಿಕೊಡುವ ಬುತ್ತಿ. ಕೂಲಿ ಸಕ್ಕರೆಯಲ್ಲಿ ಸಂದಾಯವಾದರೆ ಬುತ್ತಿಗೆ ಎಣ್ಣೆಯೂ ಪ್ರೋಟೀನೂ ಬೇಕು. ಆದ್ದರಿಂದಲೇ 100 ಗ್ರಾಂ ಬಾದಾಮಿಯಲ್ಲಿ ಸುಮಾರು 21 ಗ್ರಾಂ ಪ್ರೋಟೀನ್, 50 ಗ್ರಾಂ ಕೊಬ್ಬು ಇದ್ದರೆ, ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ ಪ್ರೋಟೀನ್ ಮೂರೇ ಗ್ರಾಂ, ಸಕ್ಕರೆ ಮಾತ್ರ 60 ಗ್ರಾಂ ಆಸುಪಾಸು. ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ, ಸಕ್ಕರೆ ಕೊಡುವುದು 4. ಹೀಗಾಗಿ ಬಾದಾಮಿಯ ಲೆಕ್ಕ 580ರ ಹತ್ತಿರ ಹೋದರೆ ದ್ರಾಕ್ಷಿಯದು 300ಕ್ಕೇ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯೊಂದಿಗೆ ಕೊಲೆಸ್ಟರಾಲನ್ನೂ ಸಾಕಿಕೊಂಡಿರುವ ನಮ್ಮ ದೊಡ್ಡಮ್ಮ ಇದನ್ನೆಲ್ಲ ಕೇಳಿ, “ಹಾಗಾದರೆ ನಾನು ಡಬ್ಬಿಯನ್ನೇ ನೋಡುತ್ತಾ ಕೂರಬೇಕೇನೋ?” ಎಂದರು. ಬಾದಾಮಿಯ ಕೊಬ್ಬು ಬಹುಮಟ್ಟಿಗೆ ಹೃದಯಕ್ಕೆ ಹಿತವಾದ ಜಾತಿಯದೆಂದು ನಾನು ವಿವರಿಸುವಷ್ಟರಲ್ಲಿ ಅವರು ಖರ್ಜೂರವೊಂದನ್ನು ಬಾಯಿಗೆ ಹಾಕಿಕೊಂಡಿದ್ದರು.

ದ್ರಾಕ್ಷಿಯ ಪರವಾಗಿಯೂ ನಾಲ್ಕು ಮಾತು ಆಡಬೇಕು. ವಿಜಯಪುರದ ಕಡೆಯ ಶೆಡ್ಡುಗಳಲ್ಲಿ ಬಲೆಯ ಅಂತಸ್ತುಗಳ ಮೇಲೆ ನೆರಳಿನಲ್ಲಿ ಒಣಗುವಾಗ ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಂದು ಕಿಲೋಗೆ ಇಳಿಯುತ್ತದೆ. ಆವಿಯಾಗಿ ಹೋದದ್ದು ನೀರು; ಒಣಗುವ ಹೊತ್ತಿಗೆ ಸಿ ಜೀವಸತ್ವದ ಬಹುಪಾಲೂ ನಾಶವಾಗಿರುತ್ತದೆ. ನಾರೂ ಪೊಟ್ಯಾಸಿಯಮ್ಮೂ ಉಳಿದುಕೊಂಡು ದಟ್ಟವಾಗುತ್ತವೆ. ಪೊಟ್ಯಾಸಿಯಮ್ಮಿನಲ್ಲಂತೂ ಒಣದ್ರಾಕ್ಷಿ ಬಾದಾಮಿಗೆ ಸರಿಸಮ. ಆದರೆ ‘ದ್ರಾಕ್ಷಿ ತಿಂದರೆ ರಕ್ತ ಹೆಚ್ಚುತ್ತದೆ’ ಎಂದು ಬಾಲ್ಯದಲ್ಲಿ ನಮ್ಮ ಅಂಗೈಗೆ ಸುರಿದವರು ಕಬ್ಬಿಣದ ಲೆಕ್ಕ ನೋಡಿದ್ದರೆ ಗೋಡಂಬಿಯನ್ನೇ ಸುರಿಯಬೇಕಾಗುತ್ತಿತ್ತು: 100 ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 2 ಮಿಲಿಗ್ರಾಂ ಇದ್ದರೆ ಗೋಡಂಬಿಯಲ್ಲಿ 6ಕ್ಕೂ ಹೆಚ್ಚು. ಬೆಲೆಯ ಲೆಕ್ಕ ಅವರಿಗೆ ಮೊದಲೇ ಗೊತ್ತಿದ್ದಿರಬೇಕು.

ಬೆಲೆಯ ಮಾತು ಬಂದದ್ದರಿಂದ, ಡಬ್ಬಿಯಲ್ಲಿ ಐದನೆಯ ಖಾನೆ ಸಿಗದ ಕಡಲೆಕಾಯಿಯನ್ನೂ ನೆನೆಯಬೇಕಾಗುತ್ತದೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಸೇರಿನಲ್ಲಿ ಅಳೆದು ಕೊಡುವ ಈ ಬೀಜ ವಾಸ್ತವವಾಗಿ ತೊಗರಿ, ಅವರೆಗಳ ನೆಂಟ. ‘ಬಡವರ ಬಾದಾಮಿ’ ಎಂದು ಕರೆಸಿಕೊಳ್ಳುವ ಇದರಲ್ಲಿ ಪ್ರೋಟೀನ್ 25 ಗ್ರಾಂ, ಅಂದರೆ ಶ್ರೀಮಂತರ ಬಾದಾಮಿಗಿಂತ ಜಾಸ್ತಿ.

ಗೋಕಾಕ, ಅಮೀನಗಡಗಳ ಕರದಂಟು ಮಾಡುವವರು ಈ ವ್ಯಾಜ್ಯವನ್ನು ಬಾಣಲೆಯಲ್ಲೇ ಮುಗಿಸಿದ್ದಾರೆ. ತುಪ್ಪದಲ್ಲಿ ಕರಿದ ಅಂಟಿನೊಂದಿಗೆ ಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿಗಳನ್ನು ಬೆಲ್ಲದ ಪಾಕಕ್ಕೆ ಹಾಕಿದ ಮೇಲೆ ಕೂಲಿ ಯಾವುದು, ಬುತ್ತಿ ಯಾವುದು ಎಂದು ಬಿಡಿಸುವುದು ಹಲ್ಲಿಗೂ ಸಾಧ್ಯವಿಲ್ಲ.

ನಮ್ಮ ಡಬ್ಬಿಯ ದ್ರಾಕ್ಷಿ ಈ ವರ್ಷವೂ ಶಾವಿಗೆ ಪಾಯಸಕ್ಕೆ ಹೋಯಿತು. ಬಿಸಿ ತುಪ್ಪಕ್ಕೆ ಬಿದ್ದೊಡನೆ ಸುಕ್ಕು ಬಿಟ್ಟು ಉಬ್ಬಿ, ಕ್ಷಣಕಾಲ ತಾನು ಮತ್ತೆ ಬಳ್ಳಿಯಲ್ಲಿದ್ದೇನೆ ಎಂಬಂತೆ ಗುಂಡಗಾಯಿತು. ಊಟಕ್ಕೆ ಕುಳಿತ ದೊಡ್ಡಮ್ಮ ಸೌಟಿನಿಂದ ಪಾತ್ರೆಯ ತಳದವರೆಗೂ ಹುಡುಕಿ, ಗೋಡಂಬಿ ಎಲ್ಲಿ ಹೋಯಿತೆಂದು ಕೇಳಿದರು. ನಾನು ಹಪ್ಪಳ ತರುವ ನೆಪದಲ್ಲಿ ಎದ್ದೆ.