ಇಜಿಆರ್ ಬ್ಲಾಕ್ ಮಾಡಿಸುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಲಾರಿ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ನಮ್ಮ ಕಡೆ ಈಗ ಇದೇ ಮಾತು. ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ, ಚೆಕ್ ಲೈಟ್ ಆರುವುದೇ ಇಲ್ಲ. ಕೂಡಲೇ ಒಬ್ಬರು ಹೇಳುತ್ತಾರೆ, "ಇಜಿಆರ್ ಬ್ಲಾಕ್ ಮಾಡಿಸಿ ಮಾರಾಯ್ರೆ, ಮತ್ತೆ ತಲೆಬಿಸಿಯೇ ಇಲ್ಲ." ಇಜಿಆರ್ ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಬಿಡುವ ವ್ಯವಸ್ಥೆ, ಬ್ಲಾಕ್ ಅಂದರೆ ಆ ದಾರಿಗೆ ತಗಡು ಮುಚ್ಚುವುದು. ಒಂದು ತುಂಡು ತಗಡು, ಎರಡು ಬೋಲ್ಟ್, ಸ್ವಲ್ಪ ಹೊತ್ತಿನ ಕೆಲಸ. ನನಗೆ ಇದು ಸರಿ ಕಾಣುವುದಿಲ್ಲ. ದುಡ್ಡು ಉಳಿಸಲು ಅಂತ ಮಾಡಿಸುವ ಈ ಕೆಲಸ ಕೈಯಲ್ಲಿ ದುಡ್ಡಿಲ್ಲದವರಿಗೇ ಜಾಸ್ತಿ ಹೊಡೆತ ಕೊಡುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನದು ಬಿಎಸ್-4, ಅಂದರೆ ಸರ್ಕಾರದ ನಾಲ್ಕನೇ ಹಂತದ ಹೊಗೆ ನಿಯಮದ ಸಿಕ್ಸ್ ವೀಲರ್. ಮಂಗಳೂರಿನ ಬೈಕಂಪಾಡಿಯಲ್ಲಿ ಲೋಡ್, ಶಿರಾಡಿ ಘಾಟಿ ಹತ್ತಿ ಹಾಸನದ ಕಡೆಗೆ ಬಾಡಿಗೆ. ಇಜಿಆರ್ ಕೆಟ್ಟಿದೆ ಅಂತ ದೊಡ್ಡ ಸರ್ವಿಸ್ ಸೆಂಟರಿಗೆ ಹೋದರೆ ವಾಲ್ವ್, ಕೂಲರ್ ಎಲ್ಲ ಒಟ್ಟಿಗೆ ಬದಲಾಯಿಸಿ ಎನ್ನುತ್ತಾರೆ. ಆ ಬಿಲ್ಲು ನೋಡಿದರೆ ಆ ತಿಂಗಳ ಕಂತು ಕಟ್ಟುವುದು ಹೇಗೆ ಅನ್ನುವ ಚಿಂತೆ ಶುರುವಾಗುತ್ತದೆ. ಬ್ಲಾಕ್ ಮಾಡಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದೆ ಎರಡೇ ದಾರಿ ಇಟ್ಟಿದ್ದಾರೆ. ಒಂದು ಸಿಕ್ಕಾಪಟ್ಟೆ ದುಬಾರಿ, ಇನ್ನೊಂದು ತಪ್ಪು. ಮೂರನೆಯದೊಂದು ಉಂಟು ಅಂತ ಹೇಳುವವರು ಕಡಿಮೆ.

ಮೊದಲು ಇಜಿಆರ್ ಯಾಕೆ ಬಂತು ಅಂತ ನೋಡೋಣ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಸಾಮಾನ್ಯವಾಗಿ ಅದು ತನ್ನ ಪಾಡಿಗೆ ಇರುತ್ತದೆ. ಆದರೆ ಡೀಸೆಲ್ ಎಂಜಿನ್ನಿನ ಒಳಗಿನ ವಿಪರೀತ ಬಿಸಿಗೆ ಅದು ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದೇ ನಾಕ್ಸ್. ಇದನ್ನು ಕಡಿಮೆ ಮಾಡಲು ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಕೂಲೆಂಟ್ ಹರಿಯುವ ಕೂಲರಿನಲ್ಲಿ ತಣಿಸಿ ಮತ್ತೆ ಎಂಜಿನ್ನಿಗೇ ಬಿಡುತ್ತಾರೆ. ಆಗ ಒಳಗೆ ಆಕ್ಸಿಜನ್ ಕಡಿಮೆ, ಉರಿಯ ಬಿಸಿ ಕಡಿಮೆ, ನಾಕ್ಸ್ ಕಡಿಮೆ. 2017ರ ಏಪ್ರಿಲ್‌ನಿಂದ ಇಡೀ ದೇಶಕ್ಕೆ ಬಿಎಸ್-4 ಬಂದಾಗ ಕೆಲವು ಲಾರಿಗಳಿಗೆ ಹೊಗೆಗೆ ಯೂರಿಯಾ ನೀರು ಬಿಟ್ಟು ನಾಕ್ಸ್ ಇಳಿಸುವ ಎಸ್‌ಸಿಆರ್ ಬಂತು, ಕೆಲವಕ್ಕೆ ಇಜಿಆರ್. ಅಶೋಕ್ ಲೇಲ್ಯಾಂಡ್‌ನವರು ಐಇಜಿಆರ್ ಅಂತ ಹೆಸರಿಟ್ಟು ತಂದದ್ದು ಆಗಲೇ.

ಇದರಿಂದ ಎಂಜಿನ್ನಿಗೆ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಮಸಿ ಜಾಸ್ತಿ ಆಗುತ್ತದೆ, ಅದು ನಿಜ. ಅದನ್ನು ಇಟ್ಟಿರುವುದು ರಸ್ತೆ ಬದಿಯಲ್ಲಿ ಉಸಿರಾಡುವವರಿಗಾಗಿ.

ಇನ್ನು ಎಲ್ಲರೂ ಹೇಳುವ ಮಾತು: "ಬ್ಲಾಕ್ ಮಾಡಿದ ಮೇಲೆ ಗಾಡಿ ಹಾರುತ್ತದೆ." ಹಾರುತ್ತದೆ, ಸುಳ್ಳಲ್ಲ. ಆದರೆ ಯಾವುದಕ್ಕೆ ಹೋಲಿಸಿ? ಹೊಗೆ ಒಳಗೆ ಬಿಡುವ ವಾಲ್ವಿಗೆ ಕಾರ್ಬನ್ ಕಟ್ಟಿ ಅದು ಅರ್ಧ ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಹೊಗೆ ಬೇಡದ ಹೊತ್ತಿನಲ್ಲೂ ಒಳಗೆ ನುಗ್ಗುತ್ತಿತ್ತು. ಅದನ್ನು ಮುಚ್ಚಿದರೆ ಪಿಕಪ್ ಬಂದೇ ಬರುತ್ತದೆ. ಕ್ಲೀನ್ ಮಾಡಿದ್ದರೂ ಅಷ್ಟೇ ಬರುತ್ತಿತ್ತು! ಬಹಳಷ್ಟು ಎಂಜಿನ್‌ಗಳಲ್ಲಿ ಸರಿಯಾಗಿರುವ ವಾಲ್ವ್ ಪೂರ್ತಿ ಎಕ್ಸಿಲೇಟರ್ ಒತ್ತಿದಾಗ ತಾನೇ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಸ್ವಲ್ಪವೇ ತೆರೆದಿರುತ್ತದೆ. ಗುಂಡ್ಯ ದಾಟಿ ಲೋಡ್ ಗಾಡಿ ಘಾಟಿ ಹತ್ತುವಾಗ ತಗಡಿನಿಂದ ಹೊಸದಾಗಿ ಸಿಗುವುದು ಏನೂ ಇಲ್ಲ.

ತಗಡು ಹಾಕಿದ ಮೇಲೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಎಂ, ಸುಮ್ನೆ ಕೂರುವುದಿಲ್ಲ. ಗಾಳಿಯ ಲೆಕ್ಕ ತಪ್ಪುತ್ತದೆ, ಮತ್ತೆ ಚೆಕ್ ಲೈಟ್, ಕೆಲವು ಗಾಡಿ ಶಕ್ತಿ ಇಳಿಸಿಕೊಂಡು ಓಡುವ ಲಿಂಪ್ ಮೋಡಿಗೆ ಹೋಗುತ್ತವೆ. ಅದಕ್ಕೆ ತಗಡಿನ ನಡುವೆ ಸಣ್ಣ ತೂತು ಹೊಡೆಯುತ್ತಾರೆ. ಅದೂ ಆಗದಿದ್ದರೆ ಲ್ಯಾಪ್‌ಟಾಪ್ ಹಿಡಿದವರು ಬಂದು ರೀಮ್ಯಾಪ್, ಅಂದರೆ ಇಸಿಎಂನ ಪ್ರೋಗ್ರಾಂ ಬದಲಾವಣೆ ಮಾಡುತ್ತಾರೆ. ಅವರು ಹಾಕಿದ ಫೈಲ್ ಯಾವುದು, ಎಲ್ಲಿಂದ ತಂದದ್ದು, ಯಾರಿಗೆ ಗೊತ್ತು? ಇಸಿಎಂ ಹಾಳಾದರೆ ಇಜಿಆರ್ ಬಿಲ್ಲೇ ವಾಸಿ ಅನಿಸುತ್ತದೆ. ಮತ್ತೊಂದು ವಿಷಯ. ಕೂಲರ್ ಒಳಗೆ ಲೀಕ್ ಇದ್ದರೆ ತಗಡು ಅದನ್ನು ಗುಣ ಮಾಡುವುದಿಲ್ಲ. ಕೆಳಗೆ ಒಂದು ಹನಿ ಬೀಳದೆ ಕೂಲೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬಿಳಿ ಹೊಗೆ. ನಾವು ಬಾವಿ ನೀರು ಹಾಕಿ ಹಾಕಿ ಓಡಿಸುತ್ತೇವೆ. ಆ ನೀರು ಸಿಲಿಂಡರಿಗೆ ಇಳಿದರೆ ಎಂಜಿನ್ ಕೆಲಸವೇ ಬರುತ್ತದೆ.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪಿಯುಸಿ (ಹೊಗೆ ತಪಾಸಣೆ ಸರ್ಟಿಫಿಕೇಟ್) ಆಗುತ್ತದಲ್ಲ ಅಂತ ಕೇಳುವವರಿದ್ದಾರೆ. ಆಗುತ್ತದೆ. ಪಿಯುಸಿಯಲ್ಲಿ ಡೀಸೆಲ್ ಗಾಡಿಗೆ ನೋಡುವುದು ಹೊಗೆ ಎಷ್ಟು ದಟ್ಟ ಅಂತ ಮಾತ್ರ. ಬಿಎಸ್-4ಕ್ಕೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ), ಅದಕ್ಕಿಂತ ಹಳೆಯದಕ್ಕೆ 65. ನಾಕ್ಸ್ ಅಳೆಯುವುದೇ ಇಲ್ಲ. ಹಾಗಾಗಿ ಬ್ಲಾಕ್ ಮಾಡಿದ ಗಾಡಿ ಆರಾಮವಾಗಿ ಪಾಸ್. ನನ್ನ ದೊಡ್ಡ ತಕರಾರು ಇರುವುದೇ ಇಲ್ಲಿ. ಕಾನೂನು ಮಾತ್ರ ಖಡಕ್ಕಾಗಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಬೀಳಬಹುದು. 190(2)ರಲ್ಲಿ ಹೊಗೆಯ ನಿಯಮ ಮೀರಿ ಓಡಿಸಿದವರಿಗೆ 10,000 ರೂಪಾಯಿವರೆಗೆ ದಂಡ, ಜೊತೆಗೆ ಲೈಸೆನ್ಸಿಗೆ ಮೂರು ತಿಂಗಳ ತಡೆ. ಧನಿ ಮಾಡಿಸಿದ ಕೆಲಸಕ್ಕೆ ಡ್ರೈವರ್ ಮೂರು ತಿಂಗಳು ಮನೆಯಲ್ಲಿ ಕೂರಬೇಕಾ?

ಕಣ್ಣಿಗೆ ಕಾಣದ್ದು ಅಂತ ನಾಕ್ಸ್ ಅನ್ನು ಬಿಟ್ಟುಬಿಡಬೇಡಿ. ಬಿಸಿಲಿಗೆ ಅದೇ ಓಝೋನ್ ಆಗಲು ಕಾರಣ, ದಮ್ಮು ಇದ್ದವರಿಗೆ ಎರಡೂ ಕಷ್ಟ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಪಣಂಬೂರಿನಲ್ಲಿ ಬಂದರಿನ ಹೊರಗೆ ಲೈನಿನಲ್ಲಿ ನಿಂತಾಗ ಎದುರಿನ ಲಾರಿಯ ಹೊಗೆ ಕುಡಿಯುವುದು ನಾವೇ ಅಲ್ವಾ? ಕೂಳೂರು, ಸುರತ್ಕಲ್‌ನಲ್ಲಿ ಹೈವೇ ಬದಿಯಲ್ಲಿ ಬಸ್ಸಿಗೆ ಕಾಯುವ ಮಕ್ಕಳಿಗೆ ನಮ್ಮ ಕಂತಿನ ಕಷ್ಟ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಈಗ ಆ ಮೂರನೆಯ ದಾರಿಗೆ ಬರುತ್ತೇನೆ. ಬಿಚ್ಚಿ ಕ್ಲೀನ್ ಮಾಡುವುದು. ಬೇಕಾದದ್ದು ಹೊಸ ಗ್ಯಾಸ್ಕೆಟ್, ಒಂದೆರಡು ಡಬ್ಬಿ ಕಾರ್ಬ್ ಕ್ಲೀನರ್ ಸ್ಪ್ರೇ, ಹಳೆ ಟೂತ್‌ಬ್ರಷ್, ಅವಸರ ಮಾಡದ ಮೆಕ್ಯಾನಿಕ್. ವಾಲ್ವ್ ಬಿಚ್ಚಿದರೆ ಒಳಗೆ ಹಳೆ ಅಡುಗೆಮನೆಯ ಮಾಡಿಗೆ ಹಿಡಿದ ಮಸಿಯನ್ನು ಎಣ್ಣೆಯಲ್ಲಿ ಕಲಸಿಟ್ಟ ಹಾಗೆ ಇರುತ್ತದೆ. ಎಗ್ಸಾಸ್ಟಿನ ಮಸಿಗೆ ಬ್ರೀದರಿನಿಂದ ಬರುವ ಆಯಿಲ್ ಆವಿ ಸೇರಿ ಆದದ್ದು ಅದು. ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಬಾಯಿಯೂ ಅದರಿಂದ ಕಿರಿದಾಗಿರುತ್ತದೆ. ಸ್ಪ್ರೇ ಹೊಡೆದು ನೆನೆಯಲು ಬಿಡಿ. ವಾಲ್ವ್ ಕೂರುವ ಜಾಗವನ್ನು ಸ್ಕ್ರೂಡ್ರೈವರಿನಲ್ಲಿ ಕೆರೆಯಬೇಡಿ, ಗೀರು ಬಿದ್ದರೆ ಆಮೇಲೆ ಅದು ಸರಿಯಾಗಿ ಮುಚ್ಚುವುದಿಲ್ಲ. ಮೋಟಾರ್ ಇರುವ ಭಾಗವನ್ನು ಡೀಸೆಲಿನಲ್ಲಿ ಮುಳುಗಿಸುವುದಂತೂ ಬೇಡವೇ ಬೇಡ. ಕೆಲವು ಕಡೆ ಕಾಸ್ಟಿಕ್ ಸೋಡಾ ನೀರಿಗೆ ಹಾಕುತ್ತಾರೆ. ಅಲ್ಯೂಮಿನಿಯಂ ಬಾಡಿ ಆದರೆ ಸೋಡಾ ಅದನ್ನೇ ತಿಂದುಬಿಡುತ್ತದೆ. ಮ್ಯಾನಿಫೋಲ್ಡನ್ನು ಗಾಡಿಯಲ್ಲೇ ಇಟ್ಟು ಕೆರೆದರೆ ಕಾರ್ಬನ್ ಸಿಲಿಂಡರಿಗೆ ಹೋಗುತ್ತದೆ, ಹೊರಗೆ ತೆಗೆದೇ ಮಾಡಿಸಿ. ಕೂಲರ್ ಬಿಚ್ಚಿದಾಗ ಕೂಲೆಂಟಿನ ಒಂದು ಬಾಯಿ ಮುಚ್ಚಿ, ಇನ್ನೊಂದರಲ್ಲಿ ಹದವಾಗಿ ಗಾಳಿ ಕೊಟ್ಟು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ. ಗುಳ್ಳೆ ಬಂತಾ, ಲೀಕ್ ಉಂಟು. ಬರಲಿಲ್ಲವಾ, ಹೊಸ ಕೂಲರಿನ ಖರ್ಚು ಉಳಿಯಿತು. ಎಲ್ಲ ಜೋಡಿಸಿದ ಮೇಲೆ ಸ್ಕ್ಯಾನರ್ ಹಾಕಿ ಇಸಿಎಂನಲ್ಲಿರುವ ದೋಷದ ಕೋಡ್ ಅಳಿಸಿ, ಅದಕ್ಕೆ ವಾಲ್ವ್ ಪೊಸಿಷನ್ ಮತ್ತೆ ಕಲಿಸಬೇಕು. ಇದನ್ನು ಬಿಟ್ಟುಬಿಟ್ಟು "ಕ್ಲೀನ್ ಮಾಡಿದರೂ ಸರಿ ಆಗಲಿಲ್ಲ" ಅನ್ನುವವರು ಬಹಳ ಜನ.

ಆದರೆ ಮಸಿ ಯಾಕೆ ಅಷ್ಟು ಕಟ್ಟಿತು ಅಂತ ಹುಡುಕದಿದ್ದರೆ ಮತ್ತೆ ಅದೇ ಕಥೆ. ನಮ್ಮ ಕರಾವಳಿಯಲ್ಲಿ ಮೊದಲ ಕಾರಣ, ಕೂಲೆಂಟಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ತೆಗೆದುಹಾಕುವುದು. ಸೆಕೆ ಜಾಸ್ತಿ, ಅದಿಲ್ಲದಿದ್ದರೆ ಎಂಜಿನ್ ಹೀಟ್ ಆಗುವುದಿಲ್ಲ ಅನ್ನುವ ನಂಬಿಕೆ. ಆಗ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ತಣ್ಣಗಿನ ಕೂಲರಿನಲ್ಲಿ ಮಸಿ ಅಂಟಿಕೊಳ್ಳುತ್ತಾ ಹೋಗುತ್ತದೆ. ಇನ್ನೊಂದು, ಗಂಟೆಗಟ್ಟಲೆ ಐಡ್ಲಿಂಗ್. ಬಂದರಿನ ಲೈನಿನಲ್ಲಿ, ಮಲ್ಪೆಯ ಮೀನು ದಕ್ಕೆಯಲ್ಲಿ ಎಂಜಿನ್ ಬಂದ್ ಮಾಡುವ ಅಭ್ಯಾಸವೇ ಇಲ್ಲ. ಮುರಕಲ್ಲಿನ ಪಣೆಗೆ, ಅಂದರೆ ಕೆಂಪುಕಲ್ಲಿನ ಕ್ವಾರಿಗೆ ಹೋಗುವ ಗಾಡಿಗಳಲ್ಲಿ ಏರ್ ಫಿಲ್ಟರ್ ಕೆಂಪು ಧೂಳು ತುಂಬಿ ಕಟ್ಟಿರುತ್ತದೆ. ಇಂಟರ್‌ಕೂಲರ್ ಹೋಸ್ ಬಿರುಕು ಬಿಟ್ಟರೂ, ಇಂಜೆಕ್ಟರ್ ಸೋರಿದರೂ ಮಸಿಯೇ. ಮೀನಿನ ಗಾಡಿಗಳಿಗೆ ಬೇರೆಯೇ ರೋಗ. ಐಸ್ ಕರಗಿದ ಉಪ್ಪು ನೀರು, ಕಡಲ ಗಾಳಿ ಸೇರಿ ಸೆನ್ಸರ್ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ವಾಲ್ವ್ ಸರಿಯಾಗಿಯೇ ಇದ್ದರೂ ಕೋಡ್ ಬರುತ್ತದೆ. ಅಲ್ಲಿ ಬೇಕಾದದ್ದು ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ.

ಆಯಿಲ್ ವಿಷಯದಲ್ಲಂತೂ ದಯವಿಟ್ಟು ಜಿಪುಣತನ ಬೇಡ. ಡೀಸೆಲ್ ಎಂಜಿನ್ ಆಯಿಲಿನ ಸಿಐ-4 ದರ್ಜೆಯನ್ನು 2002ರಲ್ಲಿ ತಂದದ್ದೇ ಇಜಿಆರ್ ಇರುವ ಎಂಜಿನ್ನಿನ ಮಸಿಯನ್ನು ಆಯಿಲ್ ತಾಳಿಕೊಳ್ಳಲಿ ಅಂತ. ಗಾಡಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕೆಳಗಿನ ದರ್ಜೆ ಹಾಕಬೇಡಿ, ಚೇಂಜ್ ಮುಂದೂಡಬೇಡಿ.

ಬಿಎಸ್-6 ಗಾಡಿ ಇರುವವರು ತಗಡಿನ ಯೋಚನೆಯನ್ನೇ ಬಿಡಿ. ದೊಡ್ಡ ಗಾಡಿಗಳ ನಾಕ್ಸ್ ಮಿತಿ ಬಿಎಸ್-4ರಲ್ಲಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂ ಇತ್ತು, ಬಿಎಸ್-6ರಲ್ಲಿ 0.46ಕ್ಕೆ ಇಳಿದಿದೆ. ಸೈಲೆನ್ಸರ್ ಕಡೆ ನಾಕ್ಸ್ ಸೆನ್ಸರ್ ಕೂತಿರುತ್ತದೆ. ಲೆಕ್ಕ ತಪ್ಪಿದರೆ ಇಸಿಎಂ ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ. ಲೋಡ್ ಹಾಕಿಕೊಂಡು ಘಾಟಿಯ ತಿರುವಿನಲ್ಲಿ ಹಾಗಾದರೆ ಏನು ಗತಿ ಯೋಚಿಸಿ.

ಕಂಪನಿಗಳಿಗೂ ಒಂದು ಮಾತು. ವಾಲ್ವಿನ ಗ್ಯಾಸ್ಕೆಟನ್ನು, ಮೋಟಾರನ್ನು ಬಿಡಿಯಾಗಿ ಮಾರಿ. ಕ್ಲೀನಿಂಗನ್ನು ಸರ್ವಿಸ್ ಪಟ್ಟಿಯಲ್ಲಿ ದರ ಸಮೇತ ಹಾಕಿ. ಪೂರ್ತಿ ಸೆಟ್ಟನ್ನೇ ತೆಗೆದುಕೊಳ್ಳಿ ಎಂದರೆ ಬಡ ಮಾಲೀಕನನ್ನು ತಗಡಿನ ಕಡೆಗೆ ನೀವೇ ದೂಡಿದ ಹಾಗೆ.

ನಮ್ಮವರಿಗೂ ಹೇಳುವುದು ಉಂಟು. ಒಳ್ಳೆಯ ಸ್ಕ್ಯಾನರ್ ಒಬ್ಬರಿಗೆ ಭಾರ, ಐದಾರು ಜನ ಸೇರಿದರೆ ಭಾರ ಅಲ್ಲ. ಕೂಲರ್ ಟೆಸ್ಟಿಗೆ ಬೇಕಾದ ಪ್ಲಗ್, ಗೇಜನ್ನೂ ಅದರ ಜೊತೆಗೇ ತೆಗೆದುಕೊಳ್ಳಬಹುದು. ಬೈಕಂಪಾಡಿ, ಸುರತ್ಕಲ್, ಮಲ್ಪೆ ಕಡೆಯ ಸಣ್ಣ ಮಾಲೀಕರು ಯಾರಾದರೂ ಪಾಲು ಹಾಕಲು ತಯಾರಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಮಳೆಗಾಲ ಶುರುವಾಗಿ ಬಾಡಿಗೆ ಕಡಿಮೆಯಾದಾಗ ಒಂದೊಂದೇ ಗಾಡಿ ಬಿಚ್ಚೋಣ.