ಕಾರಿನ ಕ್ಯಾಮೆರಾದಲ್ಲಿ ಕೇಳಿದ ನನ್ನದೇ ದನಿ

ಎರಡು ವರ್ಷಗಳ ಹಿಂದೆ ಕಾರಿನ ಮುಂದಿನ ಗಾಜಿಗೆ ಡ್ಯಾಶ್‌ಕ್ಯಾಮ್ ಹಾಕಿಸಿದಾಗ ನನ್ನ ಮನಸ್ಸಿನಲ್ಲಿದ್ದ ಉದ್ದೇಶ ಒಂದೇ: ಪುಣೆಯ ರಸ್ತೆಗಳಲ್ಲಿ ಉಳಿದವರು ಹೇಗೆ ವಾಹನ ಓಡಿಸುತ್ತಾರೆ ಎಂಬುದಕ್ಕೆ ನನ್ನ ಕೈಯಲ್ಲಿ ಸಾಕ್ಷಿ ಇರಬೇಕು. ನರ್ಹೆಯಲ್ಲಿರುವ ನಮ್ಮ ಮನೆಯಿಂದ ಹಿಂಜವಡಿಯ ಕಚೇರಿಗೆ ಹೋಗಬೇಕಾದರೆ ನವಲೆ ಸೇತುವೆ, ವಡಗಾಂವ್, ವಾರ್ಜೆ, ಚಾಂದನಿ ಚೌಕ, ಬಾವಧನ್, ಬಾಣೇರ್ ದಾಟಿ ವಾಕಡ್‌ನಲ್ಲಿ ಹೆದ್ದಾರಿ ಬಿಟ್ಟು ಇಳಿಯಬೇಕು. ವರ್ಷಕ್ಕೆರಡು ಸಲ ನಮ್ಮನ್ನು ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮೂಲಕ ಧಾರವಾಡಕ್ಕೆ ಕರೆದೊಯ್ಯುವ ಮುಂಬಯಿ–ಬೆಂಗಳೂರು ಹೆದ್ದಾರಿಯೇ ಇದು. ಹಬ್ಬಕ್ಕೆ ಊರಿಗೆ ಹೊರಟಾಗ ಪ್ರೀತಿಯಿಂದ ನೋಡುವ ಅದೇ ರಸ್ತೆಯ ಮೇಲೆ ವಾರದ ಐದು ದಿನ ನಾನು ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದೆ.

ಒಂದು ಸಂಜೆ ಸರ್ವಿಸ್ ರಸ್ತೆಯಲ್ಲಿ ಯಾರದೋ ಸ್ಕೂಟರು ನನ್ನ ಬಂಪರಿಗೆ ತಾಗಿಸಿಕೊಂಡು ಹೋಯಿತು. ವಿಮೆಯ ಕಾಗದಪತ್ರಕ್ಕೆ ಬೇಕಾದೀತೆಂದು ಆ ದೃಶ್ಯವನ್ನು ಹುಡುಕಲು ರಾತ್ರಿ ಊಟದ ನಂತರ ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಆ ಕ್ಯಾಮೆರಾ ಹೊರಗಿನ ಚಿತ್ರದ ಜೊತೆಗೆ ಕಾರಿನ ಒಳಗಿನ ಧ್ವನಿಯನ್ನೂ ದಾಖಲಿಸುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಆ ದಿನದವರೆಗೂ ಅದರ ಬಗ್ಗೆ ಯೋಚಿಸಿರಲಿಲ್ಲ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ, "ಇದು ನಿಮ್ಮ ದನಿ ಏನ್ರಿ?" ಎಂದು ಕೇಳಿದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡ ಮೇಲೆ, "ಮನಿಗೆ ಬಂದ ಮ್ಯಾಲೆ ನೀವು ಯಾಕ ಅಷ್ಟು ಸುಮ್ಮನ ಕೂಡತೀರಿ ಅಂತ ನನಗ ಈಗ ತಿಳೀತು" ಎಂದಳು.

ಐವತ್ತು ನಿಮಿಷಗಳ ಆ ಪ್ರಯಾಣದುದ್ದಕ್ಕೂ ನಾನು ಬೈಯುತ್ತಲೇ ಇದ್ದೆ. ಬೈಗುಳಗಳೆಲ್ಲ ಹಿಂದಿಯಲ್ಲಿ, ಮರಾಠಿಯಲ್ಲಿ ಇದ್ದವು, ಕನ್ನಡದ್ದು ಒಂದೂ ಇರಲಿಲ್ಲ. ತಾಯಿಯ ಮುಂದೆ, ಮಕ್ಕಳ ಮುಂದೆ ಆಡುವ ಭಾಷೆಯಲ್ಲಿ ಬಾಯಿಗೆ ಬಾರದ ಮಾತುಗಳು, ಇಪ್ಪತ್ತೆರಡು ವರ್ಷಗಳಿಂದ ನನಗೆ ಅನ್ನ ಕೊಟ್ಟ ಊರಿನ ಭಾಷೆಯಲ್ಲಿ ಇಷ್ಟು ಸಲೀಸಾಗಿ ಬರುತ್ತಿವೆ ಎಂಬುದು ನನಗೆ ಬಹಳ ನೋವು ಕೊಟ್ಟಿತು. ಮುಂದಿನ ಒಂದು ವಾರ ಪ್ರತಿ ರಾತ್ರಿ ಕುಳಿತು ಕಾರ್ಡಿನಲ್ಲಿ ಉಳಿದಿದ್ದ ಎಲ್ಲ ಪ್ರಯಾಣಗಳನ್ನೂ ನೋಡಿದೆ.

ಮೂರು ಸಂಗತಿಗಳನ್ನು ನಾನು ಮರೆಯಲಾರೆ.

ಮೊದಲನೆಯದು, ವಾರ್ಜೆಯ ಬಳಿ ಎಡಗಡೆಯಿಂದ ನುಗ್ಗಿ, ನನ್ನ ಮುಂದೆ ಗಕ್ಕನೆ ಅಡ್ಡ ಬಂದು ಹೋದ ಒಂದು ಬಿಳಿ ಕಾರು. ಅದರ ಮೇಲಿನ ಸಿಟ್ಟು ಬಾವಧನ್ ದಾಟುವವರೆಗೂ ಇಳಿದಿರಲಿಲ್ಲವೆಂಬುದು ಧ್ವನಿಯಿಂದಲೇ ತಿಳಿಯುತ್ತಿತ್ತು. ಅದೇ ಕಾರು ವಾಕಡ್‌ನ ಇಳಿಜಾರಿನ ಸಾಲಿನಲ್ಲಿ ನನಗಿಂತ ಕೇವಲ ಮೂರು ವಾಹನ ಮುಂದೆ ನಿಂತಿತ್ತು. ಅಷ್ಟು ಅಪಾಯ ತಂದೊಡ್ಡಿ ಆತ ಗಳಿಸಿದ್ದು ಒಂದು ನಿಮಿಷವೂ ಅಲ್ಲ ಎಂದು ಪರದೆಯ ಮೂಲೆಯಲ್ಲಿದ್ದ ಗಡಿಯಾರ ಹೇಳುತ್ತಿತ್ತು. ಇದರ ಹಿಂದಿನ ಲೆಕ್ಕ ಸರಳವಾದದ್ದು. ಹತ್ತು ಕಿಲೋಮೀಟರ್ ದೂರವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ 15 ನಿಮಿಷ, 50 ಕಿ.ಮೀ. ವೇಗದಲ್ಲಿ ಹೋದರೆ 12 ನಿಮಿಷ ಬೇಕು. ಆ ಮೂರು ನಿಮಿಷವೂ ರಸ್ತೆ ಖಾಲಿಯಿದ್ದರೆ ಮಾತ್ರ ಸಿಗುತ್ತದೆ, ಹಿಂಜವಡಿಯ ದಾರಿಯಲ್ಲಿ ಬೆಳಗಿನ ಒಂಬತ್ತಕ್ಕೆ ಖಾಲಿ ರಸ್ತೆಯನ್ನು ನಾನು ಕಂಡಿಲ್ಲ. ಆದರೆ ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 40ರಿಂದ 60ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟಾಗುತ್ತದೆ, ಹೊಡೆತದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಎರಡನೆಯದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಯಿತು. "ಅಡ್ಡ ಬಂದವರು" ಎಂದು ನಾನು ಶಪಿಸಿದ್ದ ಎಷ್ಟೋ ಜನ ಇಂಡಿಕೇಟರ್ ಹಾಕಿಯೇ ಬಂದಿದ್ದರು. ಆ ದೀಪ ಮಿನುಗಿದ ಕ್ಷಣದಲ್ಲೇ ನನ್ನ ಕಾರು ವೇಗ ಹೆಚ್ಚಿಸಿಕೊಂಡು ಜಾಗ ಮುಚ್ಚಿದ್ದು ಚಿತ್ರದಲ್ಲಿ ಕಾಣುತ್ತಿತ್ತು. ನನ್ನ ನೆನಪಿನಲ್ಲಿ ನಾನು ಪೆಟ್ಟು ತಿಂದವನಾಗಿದ್ದೆ, ಕ್ಯಾಮೆರಾದ ನೆನಪಿನಲ್ಲಿ ಹಾಗಿರಲಿಲ್ಲ.

ಮೂರನೆಯದು ನಂಬರ್ ಪ್ಲೇಟಿನದು. ಎಂಎಚ್-12 ಅಥವಾ ಎಂಎಚ್-14 ಎಂದು ಬರೆದ ಪುಣೆ ಕಡೆಯ ವಾಹನ ತಪ್ಪಾಗಿ ನುಗ್ಗಿದಾಗ ನನ್ನ ಬಾಯಿಂದ ಬರುತ್ತಿದ್ದ ಮಾತು ಒಂದು. ಕೆಎ-25, ಕೆಎ-22, ಕೆಎ-28 ಎಂದಿದ್ದ ನಮ್ಮ ಕಡೆಯ ಲಾರಿಯೋ ಕಾರೋ ಅದೇ ತಪ್ಪನ್ನು ಮಾಡಿದಾಗ, "ನಮ್ಮ ಹುಬ್ಬಳ್ಳಿಯವ, ದಾರಿ ಗೊತ್ತಿರಲಿಕ್ಕಿಲ್ಲ" ಎಂದು ಸುಮ್ಮನಾಗುತ್ತಿದ್ದೆ. ತಾನು ತಪ್ಪಿದರೆ ಸಂದರ್ಭವನ್ನೂ ಇನ್ನೊಬ್ಬ ತಪ್ಪಿದರೆ ಅವನ ಗುಣವನ್ನೂ ದೂರುವ ಮನುಷ್ಯನ ಈ ವಾಲಿಕೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್ 1971ರಲ್ಲೇ ಗುರುತಿಸಿದ್ದರು. ನನ್ನ ಮಟ್ಟಿಗೆ ಆ "ತಾನು" ಎಂಬುದರೊಳಗೆ ಇಡೀ ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಸೇರಿಕೊಂಡಿದ್ದವು. ಒಂದು ಪ್ಲೇಟಿಗೆ ತೋರಿಸಬಹುದಾದ ಉದಾರತೆಯನ್ನು ಎಲ್ಲ ಪ್ಲೇಟುಗಳಿಗೂ ತೋರಿಸುವ ಶಕ್ತಿ ನನ್ನೊಳಗೆ ಮೊದಲಿನಿಂದಲೂ ಇತ್ತು, ಬಳಸಿರಲಿಲ್ಲ ಅಷ್ಟೆ.

ಇಷ್ಟನ್ನು ಕಂಡುಕೊಂಡ ಮೇಲೂ, ಮೈಮೇಲೆ ನುಗ್ಗಿ ಬರುವವನ ಎದುರು ಆ ಕ್ಷಣದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಉತ್ತರ ಕಲಿಸಿದ್ದು ನನ್ನ ಮನೆಯ ಪಕ್ಕದ ಇಳಿಜಾರು.

ಸಾತಾರಾ ಕಡೆಯಿಂದ ಬರುವವರು ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೂ ರಸ್ತೆ ಇಳಿಯುತ್ತಲೇ ಹೋಗುತ್ತದೆ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಭಾರೀ ವಾಹನ ಹಿಡಿತ ತಪ್ಪಿ ನುಗ್ಗಿದಾಗ ಹತ್ತಾರು ವಾಹನಗಳು ಜಖಂಗೊಂಡವು. ಅಲ್ಲಿ ಅದಕ್ಕೂ ಮೊದಲು ಅಪಘಾತಗಳಾಗಿದ್ದವು, ಆಮೇಲೂ ಆಗಿವೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕುವ, ಎಂಜಿನ್ನನ್ನೇ ಆರಿಸಿಬಿಡುವ ಕೆಟ್ಟ ರೂಢಿ ಲಾರಿಗಳಲ್ಲಿದೆ. ಗೇರಿನಲ್ಲಿದ್ದಾಗ ಎಂಜಿನ್ನೇ ವಾಹನವನ್ನು ಹಿಡಿದೆಳೆಯುತ್ತದೆ. ನ್ಯೂಟ್ರಲ್‌ನಲ್ಲಿ ಆ ಹಿಡಿತ ಇಲ್ಲವಾಗಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಮತ್ತೆ ಮತ್ತೆ ತಿಕ್ಕಿ ಕಾದು ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಏರ್‌ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವ ಕಂಪ್ರೆಸರ್ ನಡೆಯುವುದು ಎಂಜಿನ್ನಿನಿಂದ. ಎಂಜಿನ್ ಆರಿದರೆ, ಬ್ರೇಕ್ ಒತ್ತಿದಂತೆಲ್ಲ ಖರ್ಚಾಗುವ ಗಾಳಿ ಮರಳಿ ತುಂಬುವುದಿಲ್ಲ.

ಈ ವಿವರವನ್ನು ಇಷ್ಟು ಹೇಳಲು ಕಾರಣವಿದೆ. ಒಂದು ಮುಂಜಾನೆ ಊರಿನಿಂದ ಮರಳುವಾಗ ಅದೇ ಇಳಿಜಾರಿನಲ್ಲಿ ಒಂದು ಲಾರಿ ನನ್ನ ಬೆನ್ನಿಗೆ ಅಂಟಿಕೊಂಡಂತೆ ಬಂದು ಹಾರ್ನ್ ಹೊಡೆಯುತ್ತ, ಹೈಬೀಮ್ ಹಾಕುತ್ತ ಇತ್ತು. ಬುದ್ಧಿ ಕಲಿಸೋಣವೆಂದು ನಾನು ಎರಡು ಸಲ ಬ್ರೇಕ್ ಮುಟ್ಟಿ, ಹಿಂದಿನ ದೀಪ ಕೆಂಪಗೆ ಹೊತ್ತಿಸಿ ತೋರಿಸಿದೆ. ಆ ರೆಕಾರ್ಡಿಂಗಿನಲ್ಲಿ ಹಿಂದಿನ ಆಸನದಿಂದ ಎಂಬತ್ತೊಂದರ ನನ್ನ ತಾಯಿ, "ಬಿಡೋ, ಅಂವಗ ಹೋಗಲಿಕ್ಕೆ ಬಿಡೋ" ಎನ್ನುತ್ತಿರುವುದು ಕೇಳುತ್ತದೆ. ಆಕೆಯ ಮಾತು ಆ ಹೊತ್ತಿಗೆ ನನ್ನ ಕಿವಿಗೇ ಬಿದ್ದಿರಲಿಲ್ಲ. ಆ ಚಾಲಕ ಸೊಕ್ಕಿನವನಾಗಿದ್ದನೋ, ನಿಲ್ಲಿಸಲಾಗದೆ ಕೂಗಿ ಹೇಳುತ್ತಿದ್ದನೋ ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡನೆಯದೇ ನಿಜವಾಗಿದ್ದರೆ, ಆ ಬ್ರೇಕಿನ ದೀಪದಿಂದ ನಾನು ಪಣಕ್ಕೊಡ್ಡಿದ್ದು ಕಾರಿನಲ್ಲಿ ಕುಳಿತಿದ್ದ ನಾಲ್ವರ ಪ್ರಾಣವನ್ನು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಅಂದಿನಿಂದ ನಾನು ಖಚಿತವಾಗಿ ನಂಬಿರುವುದು ಇದು: ರಸ್ತೆಯ ಮೇಲೆ ಇನ್ನೊಬ್ಬನಿಗೆ ಬುದ್ಧಿ ಕಲಿಸುವ ಕೆಲಸ ನನ್ನದಲ್ಲ. ಕಲಿಸಲು ಅಲ್ಲಿ ಸಾಧ್ಯವೂ ಇಲ್ಲ. ಹಾರ್ನ್ ಹೊಡೆದು, ಕೈ ಬೀಸಿ, ಗಾಜು ಇಳಿಸಿ ಬೈದು ಇಲ್ಲಿಯವರೆಗೆ ಒಬ್ಬ ಚಾಲಕನನ್ನಾದರೂ ನಾನು ತಿದ್ದಿದ್ದೇನೆಯೇ ಎಂದು ಯೋಚಿಸಿದರೆ ಒಬ್ಬನ ಮುಖವೂ ನೆನಪಿಗೆ ಬರುವುದಿಲ್ಲ. ಸಿಟ್ಟನ್ನು ಹೊರಹಾಕಿದರೆ ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಬ್ರ್ಯಾಡ್ ಬುಷ್‌ಮನ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚೇ ಇತ್ತು. ನನ್ನ ಐವತ್ತು ನಿಮಿಷದ ಧ್ವನಿಯೂ ಅದನ್ನೇ ಹೇಳುತ್ತದೆ: ಮೊದಲ ಬೈಗುಳಕ್ಕಿಂತ ಹತ್ತನೆಯದು ಜೋರಾಗಿದೆ.

ಹಾರ್ನಿನ ವಿಷಯದಲ್ಲಿ ಮುಂಬಯಿ ಪೊಲೀಸರು ಮಾಡಿದ ಒಂದು ಪ್ರಯೋಗ ನನಗೆ ತುಂಬ ಮೆಚ್ಚುಗೆಯಾಗಿತ್ತು. ಕೆಲವು ಸಿಗ್ನಲ್‌ಗಳಿಗೆ ಸದ್ದು ಅಳೆಯುವ ಯಂತ್ರ ಜೋಡಿಸಿ, ಸದ್ದು 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. ಅದರ ವಿಡಿಯೊ 2020ರ ಜನವರಿಯ ಕೊನೆಯಲ್ಲಿ ಹೊರಬಂದಾಗ ಎಲ್ಲರೂ ನೋಡಿದೆವು. ಹಾರ್ನ್ ಹೊಡೆದರೆ ದಾರಿ ಬೇಗ ಸಿಗುತ್ತದೆ ಎಂಬ ನಂಬಿಕೆಯ ಬೇರಿಗೇ ಕೈಹಾಕಿದ ಉಪಾಯವದು.

ಈಗ ನಾನು ಪಾಲಿಸುವುದು ಸ್ವಲ್ಪವೇ. ಮುಂದಿನ ವಾಹನ ಒಂದು ಕಂಬ ದಾಟಿದ ಮೇಲೆ ನಾನು ಆ ಕಂಬವನ್ನು ಮುಟ್ಟಲು ಮೂರು ಸೆಕೆಂಡಾದರೂ ಬೇಕು, 60 ಕಿ.ಮೀ. ವೇಗದಲ್ಲಿ ಅದು 50 ಮೀಟರ್ ಅಂತರವಾಗುತ್ತದೆ. ಆ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ, ನಾನು ಮತ್ತೆ ಅಷ್ಟೇ ಹಿಂದೆ ಸರಿಯುತ್ತೇನೆ. ಬೆನ್ನಿಗೆ ಬಂದವನಿಗೆ ಇಂಡಿಕೇಟರ್ ಹಾಕಿ ಎಡಕ್ಕೆ ಸರಿದು ದಾರಿ ಬಿಡುತ್ತೇನೆ. ಪಕ್ಕದಲ್ಲಿ ಬಂದು ಕಿರುಚುವವನ ಕಡೆ ತಿರುಗಿ ನೋಡುವುದಿಲ್ಲ, ಗಾಜು ಇಳಿಸುವುದಿಲ್ಲ. ಯಾರಾದರೂ ಹಿಂಬಾಲಿಸಿಕೊಂಡೇ ಬಂದರೆ ಮನೆಯ ಕಡೆ ತಿರುಗದೆ ಜನರಿರುವ ಪೆಟ್ರೋಲ್ ಪಂಪಿಗೋ ಪೊಲೀಸ್ ಚೌಕಿಗೋ ಹೋಗಿ 112ಕ್ಕೆ ಕರೆ ಮಾಡಬೇಕೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ಕಾರು ಕಲಿಯುತ್ತಿರುವ ಮಗಳಿಗೆ ಇದನ್ನು ಎರಡು ಸಲ ಹೇಳಿದ್ದೇನೆ.

ಹಾಗೆಂದರೆ ತಪ್ಪು ಮಾಡಿದವರನ್ನು ಸುಮ್ಮನೆ ಬಿಡಬೇಕೆಂದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅಂದರೆ ದಿನಕ್ಕೆ ಸುಮಾರು 460 ಜನ. ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವಕ್ಕೆ ಅತಿವೇಗವೇ ಕಾರಣವೆಂದು ಅದು ದಾಖಲಿಸಿದೆ. ಇಷ್ಟು ಹೆಣಗಳ ಮುಂದೆ "ನಮ್ಮ ಜನ ಹೀಗೇ" ಎಂದು ಕೈಚೆಲ್ಲಿ ಕೂರುವುದು ನನಗೆ ಸಹ್ಯವಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ 2019ರ ತಿದ್ದುಪಡಿಯ ನಂತರ ಕೆಂಪು ದೀಪ ದಾಟುವುದನ್ನು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದನ್ನು, ನಿಯಮ ಮೀರಿ ಓವರ್‌ಟೇಕ್ ಮಾಡುವುದನ್ನು, ಎದುರು ದಿಕ್ಕಿನಲ್ಲಿ ಬರುವುದನ್ನು ಹೆಸರಿಸಿಯೇ ಅಪಾಯಕಾರಿ ಚಾಲನೆ ಎನ್ನುತ್ತದೆ. ಮೊದಲ ತಪ್ಪಿಗೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡವಿದೆ. ದಾರಿ ಬಿಡುವುದು ರಸ್ತೆಯಲ್ಲಿ, ದೂರು ಕೊಡುವುದು ಮನೆಗೆ ಬಂದ ಮೇಲೆ. ವಡಗಾಂವ್‌ನ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಶಾಲೆಯ ಮಕ್ಕಳ ನಡುವೆ ನುಗ್ಗಿದ ಟೆಂಪೋ ಒಂದರ ದೃಶ್ಯವನ್ನು ದಿನಾಂಕ, ಹೊತ್ತು, ಜಾಗಗಳ ಸಮೇತ ನಾನು ಸಂಚಾರ ಪೊಲೀಸರಿಗೆ ಕಳಿಸಿದ್ದೇನೆ. ಅದನ್ನು ಬರೆಯಲು ಹಿಡಿದದ್ದು ಏಳು ನಿಮಿಷ, ಅದರಲ್ಲಿ ಒಂದೂ ಕೆಟ್ಟ ಮಾತಿರಲಿಲ್ಲ.

ಈ ಅಭ್ಯಾಸ ರಸ್ತೆಯಿಂದ ಬೇರೆ ಕಡೆಗೂ ಹರಿದು ಬಂದಿದೆ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನನ್ನ ಪಾರ್ಕಿಂಗ್ ಜಾಗದಲ್ಲಿ ಪದೇ ಪದೇ ಯಾರಾದರೂ ಗಾಡಿ ನಿಲ್ಲಿಸುತ್ತಿದ್ದರು, ನಾನು ವಾಚ್‌ಮನ್ ಮೇಲೆ ಕೂಗಾಡುತ್ತಿದ್ದೆ. ಹನ್ನೆರಡು ಗಂಟೆ ನಿಂತು ದುಡಿಯುವ ಆ ಮನುಷ್ಯನಿಗೂ ಆ ಗಾಡಿಗೂ ಸಂಬಂಧವೇ ಇರಲಿಲ್ಲ. ಮನೆಯ ಬಾಗಿಲಿಗೆ, ಅಂಗಡಿಯ ಗೋಡೆಗೆ ಫಲಕ ಬರೆದು ತೂಗುಹಾಕುವುದು ಪುಣೆಯವರ ಹಳೆಯ ರೂಢಿ. ಇಡೀ ಮಹಾರಾಷ್ಟ್ರ ಆ "ಪುಣೇರಿ ಪಾಟಿ"ಗಳನ್ನು ನೋಡಿ ನಗುತ್ತದೆ. ನನಗೆ ಈಗ ಅದರ ಹಿಂದಿರುವ ವಿವೇಕವೂ ಕಾಣುತ್ತಿದೆ. ದಿನಕ್ಕೆ ಹತ್ತು ಸಲ ಜಗಳವಾಡುವ ಬದಲು ಒಂದು ಸಲ ಬರೆದಿಟ್ಟರೆ ದನಿ ಏರಿಸುವ ಪ್ರಮೇಯವೇ ಬರುವುದಿಲ್ಲ. ನಾನೂ ಮರಾಠಿಯಲ್ಲಿ ಎರಡು ಸಾಲು ಬರೆದು ಅಂಟಿಸಿದೆ, ಕಾರ್ಯದರ್ಶಿಗೆ ಒಂದು ಪತ್ರ ಕೊಟ್ಟೆ, ವಾಚ್‌ಮನ್ ಬಳಿ ಕ್ಷಮೆ ಕೇಳಿದೆ. ಸಮಸ್ಯೆ ಪೂರ್ತಿ ಮುಗಿದಿಲ್ಲ, ತಿಂಗಳಿಗೊಮ್ಮೆ ಯಾರೋ ನಿಲ್ಲಿಸುತ್ತಾರೆ. ಆದರೆ ಅದಕ್ಕೆ ಸಂಬಂಧಪಡದ ಒಬ್ಬನ ಮೇಲೆ ನನ್ನ ದನಿ ಏರಿಲ್ಲ. ಕೌಂಟರುಗಳಲ್ಲಿ, ಫೋನಿನ ಆ ತುದಿಯಲ್ಲಿ ಕೂತವರ ವಿಷಯವೂ ಹೀಗೆಯೇ, ಅವರು ಮಾಡಿರದ ನಿಯಮಕ್ಕಾಗಿ ಅವರನ್ನು ಎಷ್ಟು ಸಲ ನೋಯಿಸಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ, ಅವರ ಮುಂದೆ ಕ್ಯಾಮೆರಾ ಇರಲಿಲ್ಲ.

ಕಳೆದ ಶನಿವಾರ ಹೆಂಡತಿಯೇ ಆ ವಾರದ ಒಂದು ರೆಕಾರ್ಡಿಂಗ್ ಹಾಕಲು ಹೇಳಿದಳು. ಐವತ್ತೆರಡು ನಿಮಿಷ. ಬಹುಪಾಲು ರೇಡಿಯೋದ ಹಾಡು, ನಡುನಡುವೆ ವೈಪರಿನ ಸದ್ದು. ಚಾಂದನಿ ಚೌಕದ ಬಳಿ ಒಂದು ಕಾರು ಬಲಗಡೆಯಿಂದ ತೀರಾ ಹತ್ತಿರ ಬಂದು ಮುಂದೆ ನುಗ್ಗುತ್ತದೆ, ಆಗ ನನ್ನ ದನಿ ಒಮ್ಮೆ ಕೇಳುತ್ತದೆ: "ಹೋಗಪಾ, ಹೋಗು." ಅದರ ನಂಬರ್ ಏನೆಂದು ಆಕೆ ಪರದೆಗೆ ಬಾಗಿ ನೋಡಿದಳು. ಅಷ್ಟರಲ್ಲಿ ನಾನು ಹಿಂದೆ ಸರಿದಿದ್ದೆ, ಆ ಕಾರು ಮಳೆಯಲ್ಲಿ ಐವತ್ತು ಮೀಟರ್ ಮುಂದೆ ಹೋಗಿತ್ತು, ಪ್ಲೇಟಿನ ಮೇಲೆ ಕೆಎ ಇತ್ತೋ ಎಂಎಚ್ ಇತ್ತೋ ಓದಲಾಗಲಿಲ್ಲ.