ಮಾಣಿ ಎಲ್ಲಿದ್ದ?

ನಮ್ಮ ಅಕ್ಕನ ಮಗ, ಮನೆಯವರ ಬಾಯಲ್ಲಿ 'ಮಾಣಿ', ಡ್ರಮ್ಸ್ ಬಾರಿಸುತ್ತಾನೆ. ಅವನು ಚಂಡೆ ಕಲಿಯಲಿ ಅಂತ ಭಾವನಿಗೆ ಆಸೆಯಿತ್ತು. ಬಾರಿಸುವುದೇನೋ ಕಲಿತ, ವಾದ್ಯ ಮಾತ್ರ ಬೇರೆಯಾಯಿತು. ಅವನು ಪ್ರಾಕ್ಟೀಸ್ ಮಾಡಿದ ದಿನ ಕೊಟ್ಟಿಗೆಯ ಎಮ್ಮೆ ಹಾಲು ಬಿಡುವುದಿಲ್ಲ ಎಂದು ಅಕ್ಕ ವರ್ಷಗಟ್ಟಲೆ ಗೊಣಗಿದ್ದಾಳೆ. ಆದರೆ ಅವನ ತಂಡಕ್ಕೆ ಕಾರವಾರದ ಕಡಲತೀರದಲ್ಲಿ ಪ್ರೋಗ್ರಾಂ ಸಿಕ್ಕಿತು ಎಂದ ಕೂಡಲೇ ಎಮ್ಮೆಯ ವಿಷಯ ಹಿಂದೆ ಬಿತ್ತು. ನನಗೆ ಫೋನ್ ಬಂತು.

"ತಮಾ, ನೀ ಹೋಗಿ ಮಾಣಿದು ಒಂದು ಚೊಲೋ ಫೋಟೋ ತೆಗ್ದುಕೊಡು."

ಒಂದು. ಒಂದೇ ಒಂದು. ಇದೆಷ್ಟು ಹೊತ್ತಿನ ಕೆಲಸ ಅಂದುಕೊಂಡೆ.

ನಾನು ಶಿರಸಿಯಲ್ಲಿ ಸೊಸೈಟಿಯೊಂದರ ಲೆಕ್ಕ ಬರೆಯುವವನು. ಫೋಟೋ ತೆಗೆಯುವುದು ಹುಚ್ಚು. ಮದುವೆ, ಉಪನಯನ, ಜಾತ್ರೆ ಎಲ್ಲ ಆಗಿತ್ತು. ಹತ್ತು ವರ್ಷ ಯಕ್ಷಗಾನದ ಫೋಟೋ ತೆಗೆದಿದ್ದೆ. ಸ್ಟೇಜ್ ಅಂದರೆ ನನಗೆ ಗೊತ್ತು ಎಂಬ ಜಂಬವೂ ಇತ್ತು. ಅದೇ ನನ್ನನ್ನು ಮುಳುಗಿಸಿದ್ದು.

ಹೊರಟಿದ್ದು ಬಾಡಿಗೆ ಕಾರಿನಲ್ಲಿ. ದೇವಿಮನೆ ಘಟ್ಟ ಇಳಿದು ಕುಮಟಾ ದಾಟುವ ಹೊತ್ತಿಗೆ ಎಲ್ಲರಿಗೂ ಸೆಖೆ. ಹುಡುಗರು ಏಸಿಯನ್ನು ಪೂರ್ತಿ ತಿರುಗಿಸಿದರು. ಕ್ಯಾಮೆರಾ ಬ್ಯಾಗು ನನ್ನ ಕಾಲ ಬಳಿ, ಸರಿಯಾಗಿ ತಂಪು ಗಾಳಿ ಬರುವ ತೂತಿನ ಎದುರಿಗಿತ್ತು. ಟಾಗೋರ್ ಬೀಚಿನಲ್ಲಿ ಇಳಿದು ಲೆನ್ಸ್ ಮುಚ್ಚಳ ತೆಗೆದೆ. ಸ್ಟೇಜ್ ಕಾಣಲಿಲ್ಲ. ಕಡಲೂ ಕಾಣಲಿಲ್ಲ. ತಣ್ಣಗಾಗಿದ್ದ ಗಾಜಿಗೆ ಕರಾವಳಿಯ ಒದ್ದೆ ಗಾಳಿ ತಾಗಿ ಪೂರ್ತಿ ಮಂಜು ಕೂತಿತ್ತು. ಒರೆಸಿದೆ, ಮತ್ತೆ ಕೂತಿತು. ಮತ್ತೆ ಒರೆಸಿದೆ. ಪಕ್ಕದಲ್ಲಿ ಚುರುಮುರಿ ಮಾರುವವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.

"ಸುಮ್ನೆ ಬಿಡಿ ಸಾರ್. ಅದೇ ಹೋಗ್ತದೆ."

ಹೋಯಿತು, ಇಪ್ಪತ್ತು ನಿಮಿಷ ಬಿಟ್ಟು. ಆ ಇಪ್ಪತ್ತು ನಿಮಿಷದಲ್ಲಿ ಏನಾಯಿತು ಕೇಳಿ. ಪಡುವಣದಲ್ಲಿ ಸೂರ್ಯ ಇಳಿಯುತ್ತಿದ್ದ. ಸ್ಟೇಜ್ ಮೇಲೆ ಬಂಗಾರದ ಬೆಳಕು. ನಾಲ್ಕೂ ಹುಡುಗರು ಸೌಂಡ್ ಚೆಕ್ ಮಾಡುತ್ತಾ, ನಗುತ್ತಾ, ಅವರ ಜೀವಮಾನದಲ್ಲೇ ಅತಿ ಚೆಂದ ಕಾಣುತ್ತಿದ್ದರು. ಡ್ರಮ್ಸಿನ ಎದುರಿನ ತಟ್ಟೆಗಳನ್ನು ಇನ್ನೂ ಜೋಡಿಸಿರಲಿಲ್ಲ. ಹಾಗಾಗಿ ಮಾಣಿಯ ಮುಖ ಪೂರ್ತಿ ಕಾಣುತ್ತಿತ್ತು. ನಾನು ಬೈರಾಸಿನ ತುದಿಯಿಂದ ಗಾಜು ಒರೆಸುತ್ತಾ ಅದನ್ನೆಲ್ಲ ಬರಿಗಣ್ಣಿನಿಂದ ನೋಡಿದೆ. ಮಂಜು ಬಿಟ್ಟಾಗ ಸೂರ್ಯ ಮುಳುಗಿದ್ದ.

ರವೀಂದ್ರನಾಥ ಟಾಗೋರರು 1883ರಲ್ಲಿ ಈ ಊರಿಗೆ ಬಂದಿದ್ದರು. ಅವರ ಅಣ್ಣ ಇಲ್ಲಿ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನು ಅವರು ಮನಸಾರೆ ಬರೆದುಕೊಂಡಿದ್ದಾರೆ. ಅವರ ಪುಣ್ಯ. ಆಗ ಇಲ್ಲಿ ಬೆಳಕಿಗೆ ಆಪರೇಟರ್ ಇರಲಿಲ್ಲ.

ನಮಗೆ ಇದ್ದ. ಇಪ್ಪತ್ತೆರಡು ವರ್ಷದ ಹುಡುಗ, ಎದುರಿಗೆ ಹಾರ್ಮೋನಿಯಂ ಅಗಲದ ಒಂದು ಪೆಟ್ಟಿಗೆ, ಅದರ ತುಂಬ ಗುಂಡಿ. ಮೊದಲ ಹಾಡಿಗೆ ಎಲ್ಲವನ್ನೂ ಕೆಂಪು ಮಾಡಿದ. ಎರಡನೆಯದಕ್ಕೆ ಎಲ್ಲವೂ ನೀಲಿ. ಮೂರನೆಯ ಹಾಡಿನಲ್ಲಿ ಅವನಿಗೆ ತನ್ನ ಕಲೆಯ ಮೇಲೆ ಹಿಡಿತ ಬಂತು. ಅರ್ಧ ಸೆಕೆಂಡಿಗೊಂದು ಬಣ್ಣ.

ಯಕ್ಷಗಾನದಲ್ಲಿ ಈ ಕಷ್ಟವಿಲ್ಲ. ಹೊನ್ನಾವರದ ಕೆರೆಮನೆ ಮೇಳ ಶುರುವಾದದ್ದು 1934ರಲ್ಲಿ. ಆ ಕಾಲದ ಆಟಕ್ಕೆಲ್ಲ ಬೆಳಕು ಅಂದರೆ ದೊಂದಿ, ಗ್ಯಾಸ್‌ಲೈಟು. ಬೆಳಕಿಗೆ ಬಣ್ಣವಿರಲಿಲ್ಲ, ಅದಕ್ಕೇ ಮುಖಕ್ಕೆ ಬಣ್ಣ ಬಳಿದರು. ವೇಷಧಾರಿ ಕುಣಿದು ಕುಣಿದು ಒಂದು ಕಡೆ ನಿಂತು ಗತ್ತಿನಲ್ಲಿ ತಿರುಗುತ್ತಾನೆ. ನಿಲ್ಲುವ ಮುಂಚೆ ಚಂಡೆ ಹೇಳಿಬಿಡುತ್ತದೆ, ಈಗ ಒತ್ತು ಅಂತ. ನನ್ನ ಗಿಟಾರಿನ ಹುಡುಗ ಹಾಗಲ್ಲ. ಒಳ್ಳೆಯ ಬೆಳಕು ಬಿದ್ದ ಕ್ಷಣಕ್ಕೆ ಸರಿಯಾಗಿ ಬೆನ್ನು ತಿರುಗಿಸಿ ವೈರ್ ಹುಡುಕುತ್ತಾನೆ.

ಕೆಂಪು, ನೀಲಿ ಬೆಳಕಿನ ತಾಪತ್ರಯ ಏನು ಅಂತ ನನಗೆ ಅರ್ಥವಾದದ್ದು ಆಮೇಲೆ, ಓದಿಕೊಂಡಾಗ. ಕ್ಯಾಮೆರಾದೊಳಗಿನ ಸೆನ್ಸರ್ ಮೇಲೆ ಚುಕ್ಕಿ ಚುಕ್ಕಿ ಕಣ್ಣುಗಳಿರುತ್ತವೆ. ನಾಲ್ಕು ಚುಕ್ಕಿ ತೆಗೆದುಕೊಂಡರೆ ಎರಡು ಹಸಿರಿನದು, ಒಂದು ಕೆಂಪಿನದು, ಒಂದು ನೀಲಿಯದು. ಸ್ಟೇಜ್ ತುಂಬ ಬರೀ ನೀಲಿ ಸುರಿದರೆ ನಾಲ್ಕರಲ್ಲಿ ಒಂದೇ ಕೆಲಸ ಮಾಡುತ್ತದೆ, ಉಳಿದ ಮೂರು ಹೆಚ್ಚುಕಮ್ಮಿ ಕೂತು ತೂಕಡಿಸುತ್ತವೆ. ನಮ್ಮ ಕಡೆ ಅಡಿಕೆ ಕೊನೆಕೊಯ್ಲಿಗೆ ಬಂದ ಆಳುಗಳ ಲೆಕ್ಕವೂ ಒಮ್ಮೊಮ್ಮೆ ಹೀಗೇ ಇರುತ್ತದೆ. ಕೆಂಪಿನದು ಇನ್ನೂ ಮೋಸ. ಕ್ಯಾಮೆರಾ ಒಟ್ಟು ಸ್ಟೇಜ್ ನೋಡಿ "ಅಯ್ಯೋ ಕತ್ತಲೆ" ಅಂದುಕೊಂಡು ಜಾಸ್ತಿ ಬೆಳಕು ಬಿಟ್ಟುಕೊಳ್ಳುತ್ತದೆ. ಕೆಂಪಿನ ಚುಕ್ಕಿ ಮಾತ್ರ ಉಕ್ಕಿ ಹರಿಯುತ್ತದೆ. ಒಲೆಯ ಮೇಲೆ ಹಾಲು ಉಕ್ಕಿಹೋದ ಮೇಲೆ ಎಷ್ಟಿತ್ತು ಎಂದು ಯಾರು ಹೇಳುತ್ತಾರೆ? ಮುಖದಲ್ಲಿ ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಯಿತು ಎಂಬ ಲೆಕ್ಕವೂ ಹಾಗೇ ಹೋಗುತ್ತದೆ. ಹಾಡುವ ಹುಡುಗನ ಮೊದಲ 60 ಫೋಟೋಗಳಲ್ಲಿ ಇದ್ದದ್ದು ಒಂದು ಕೋಕಂ ಹಣ್ಣು, ಅದರ ಎದುರು ಒಂದು ಮೈಕು.

ನಾಲ್ಕನೆಯ ಹಾಡಿನ ನಡುವೆ ಬಗ್ಗಿಕೊಂಡು ಆಪರೇಟರ್ ಹತ್ತಿರ ಹೋದೆ.

"ತಮ್ಮಾ, ಸ್ವಲ್ಪ ಬಿಳಿ ಲೈಟ್ ಹಾಕಲಿಕ್ಕೆ ಆಗ್ತದಾ? ಎರಡು ನಿಮಿಷ ಸಾಕು."

ಅವನು ನನ್ನನ್ನು ಕನಿಕರದಿಂದ ನೋಡಿದ. "ಬಿಳಿ ಹಾಕಿದ್ರೆ ಮದುವೆಮನೆ ಥರ ಕಾಣ್ತದೆ ಸಾರ್."

ಆದರೂ ಹಿರಿಯರು ಕೇಳಿದರು ಎಂದು ಪಾಪ ಒಂದು ಉಪಕಾರ ಮಾಡಿದ. ಹೊಗೆ ಬಿಟ್ಟ.

ಕಡಲ ಗಾಳಿಗೆ ಹೊಗೆ ಎಲ್ಲಿ ಹೋಗಬೇಕು ಅನ್ನುವುದು ಯಾರ ಕೈಯಲ್ಲೂ ಇರುವುದಿಲ್ಲ. ಅದು ಸ್ಟೇಜಿನ ಹಿಂಬದಿಯಲ್ಲಿ ಎದ್ದು ನೇರ ಡ್ರಮ್ಸ್ ಮೇಲೆ ಕೂತಿತು. ಮಾಣಿ ಮಾಯ. ಸದ್ದು ಮಾತ್ರ ಬರುತ್ತಿತ್ತು. ನನ್ನ ಕ್ಯಾಮೆರಾ ಹೊಗೆಯಲ್ಲಿ ಫೋಕಸ್ ಹುಡುಕುತ್ತಾ ಹಿಂದೆ ಮುಂದೆ ಹೋಗಿ, ಕೊನೆಗೆ ಎಲ್ಲಕ್ಕಿಂತ ಸ್ಪಷ್ಟವಾಗಿದ್ದ ಒಂದು ವಸ್ತುವನ್ನು ಹಿಡಿಯಿತು. ಮೈಕಿನ ಸ್ಟ್ಯಾಂಡಿಗೆ ಯಾರೋ ಸಿಕ್ಕಿಸಿದ್ದ ನೀರಿನ ಬಾಟ್ಲಿ. ಆ ರಾತ್ರಿಯ ಅತ್ಯಂತ ಶಾರ್ಪ್ ಫೋಟೋ ಅದೇ. ಲೇಬಲ್ ಮೇಲಿನ ಎಂಆರ್‌ಪಿ ಕೂಡ ಓದಬಹುದು.

ಇನ್ನೊಂದು ಪಾಠವೂ ಅಲ್ಲೇ ಆಯಿತು. ಡ್ರಮ್ಸ್ ಬಾರಿಸುವವನ ಕೈ ನಿಲ್ಲಬೇಕಾದರೆ ಶಟರ್ ವೇಗವಾಗಿರಬೇಕು. ನಾನು ಸದ್ದಿಲ್ಲದ ಶಟರ್ ಹಾಕಿ 1/1000 ಸೆಕೆಂಡಿಗೆ ಇಟ್ಟೆ. ಬುದ್ಧಿವಂತ ಅಂದುಕೊಂಡೆ. ಎಲ್‌ಇಡಿ ಲೈಟು ಕಣ್ಣಿಗೆ ಒಂದೇ ಸಮನೆ ಉರಿಯುವಂತೆ ಕಂಡರೂ ಒಳಗೆ ಸಿಕ್ಕಾಪಟ್ಟೆ ವೇಗದಲ್ಲಿ ಹತ್ತಿ ಆರುತ್ತಿರುತ್ತದೆ. ಬೆಳಕು ಕಮ್ಮಿ ಮಾಡುವುದೂ ಅದೇ ಉಪಾಯದಿಂದ, ಆರಿರುವ ಹೊತ್ತನ್ನು ಹೆಚ್ಚಿಸಿ. ಸದ್ದಿಲ್ಲದ ಶಟರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಹತ್ತಿದಾಗ ಓದಿದ ಸಾಲು ಬೆಳ್ಳಗೆ, ಆರಿದಾಗ ಓದಿದ್ದು ಕಪ್ಪಗೆ. ಹೀಗೆ ಕೀಬೋರ್ಡಿನ ಹುಡುಗ ತಲೆಯಿಂದ ಕಾಲಿನವರೆಗೆ ಪಟ್ಟೆ ಲುಂಗಿ ಸುತ್ತಿಕೊಂಡು ಬಂದ. ಮಾಮೂಲಿ ಶಟರಿಗೆ ತಿರುಗಿಸಿ 1/100ಕ್ಕೆ ಇಳಿಸಿದೆ. ಪಟ್ಟೆ ಹೋಯಿತು, ಅದರ ಜೊತೆಗೆ ಮಾಣಿಯ ಎರಡು ಕೈಗಳೂ ಹೋದವು. ಅವುಗಳ ಜಾಗದಲ್ಲಿ ಟೇಬಲ್ ಫ್ಯಾನ್ ತಿರುಗುತ್ತಿತ್ತು.

ಇಷ್ಟರ ನಡುವೆ ಹಿಂದಿನಿಂದ ಒಬ್ಬರು ಹೆಗಲು ತಟ್ಟಿ, "ಆಮ್ಚೊ ಏಕ್ ಫೋಟೋ ಕಾಡ್ ರೇ" ಅಂದರು. ಇಡೀ ಕುಟುಂಬ ಬೀದಿದೀಪದ ಕೆಳಗೆ ಸಾಲಾಗಿ ನಿಂತಿತ್ತು. ತೆಗೆದೆ. ಏನು ಚೆಂದ ಬಂತು ಅಂತೀರಿ! ಅಜ್ಜಿಯ ಮೂಗುತಿ ಕೂಡ ಮಿನುಗಿದೆ.

ಶಿರಸಿಗೆ ಮರಳಿದಾಗ ಬೆಳಗಿನ ಜಾವ. ಒಟ್ಟು 1140 ಫೋಟೋ. ಮಾಣಿ ಇದ್ದದ್ದು ಒಂಬತ್ತರಲ್ಲಿ. ನಾಲ್ಕರಲ್ಲಿ ಹಿತ್ತಾಳೆ ತಟ್ಟೆ ಅವನ ಮುಖಕ್ಕೆ ಗ್ರಹಣ ಹಿಡಿಸಿತ್ತು. ಮೂರರಲ್ಲಿ ಹೊಗೆ. ಒಂದರಲ್ಲಿ ಬಗ್ಗಿ ಬಿದ್ದ ಕೋಲು ಹುಡುಕುತ್ತಿದ್ದ. ಉಳಿದ ಒಂದರಲ್ಲಿ ಮುಖ ಇತ್ತು, ಕಣ್ಣು ತೆರೆದಿತ್ತು, ನೇರಳೆ ಬಣ್ಣದಲ್ಲಿದ್ದ. ಅದನ್ನೇ ಅಕ್ಕನಿಗೆ ಕಳಿಸಿದೆ. ಉತ್ತರ ತಕ್ಷಣ ಬಂತು: "ಇಂವ ಯಾರ?"

ಹಾಡುವ ಹುಡುಗನೇ ತಂಡದ ಯಜಮಾನ. ಮಾರನೇ ದಿನ ಬಂದು ಕೂತ. "ಮಾವ, ಮುಂದಿನ ತಿಂಗಳು ಶಿರಸಿಯಲ್ಲೇ ಪ್ರೋಗ್ರಾಂ ಇದೆ. ಫ್ಲೆಕ್ಸಿಗೆ ಒಂದು ಕೊಲಾಜ್ ಮಾಡಿಕೊಡಿ. ಎಲ್ಲರೂ ದೊಡ್ಡದಾಗಿ ಕಾಣ್ಬೇಕು."

ಎಂಟಡಿ ಅಗಲ, ನಾಲ್ಕಡಿ ಎತ್ತರದ ಫ್ಲೆಕ್ಸು. ಅದರಲ್ಲಿ ನಾಲ್ಕೂ ಜನ ದೊಡ್ಡದಾಗಿ ಕಾಣಬೇಕು ಅಂದರೆ ಆಸ್ತಿ ಪಾಲು ಮಾಡಿದ ಹಾಗೆ. ನಾನು ಮೊದಲು ಇದ್ದಬಿದ್ದ ಒಳ್ಳೆಯವನ್ನೆಲ್ಲ ಜೋಡಿಸಿದೆ. ಒಬ್ಬ ಕೆಂಪು, ಒಬ್ಬ ಹಸಿರು, ಒಬ್ಬ ನೀಲಿ, ಮೂಲೆಯಲ್ಲಿ ನೇರಳೆ ಮಾಣಿ. ಮಾರಿಕಾಂಬಾ ಜಾತ್ರೆಯಲ್ಲಿ ಐಸ್‌ಕ್ಯಾಂಡಿ ಗಾಡಿಯ ಬದಿಯಲ್ಲಿ ಬರೆದಿರುತ್ತಾರಲ್ಲ, ಥೇಟ್ ಹಾಗೇ ಕಂಡಿತು.

ಬಣ್ಣ ಕೆಟ್ಟ ಫೋಟೋಕ್ಕೆ ಒಂದು ಹಳೇ ಮದ್ದಿದೆ, ಕಪ್ಪುಬಿಳುಪು ಮಾಡುವುದು. ಮೂರು ಬಣ್ಣದ ಪದರಗಳಲ್ಲಿ ಯಾವುದು ಕೆಟ್ಟಿಲ್ಲವೋ ಅದನ್ನು ಹಿಡಿದುಕೊಂಡರೆ ಹೋದ ಮೂಗು ಅಷ್ಟಿಷ್ಟು ವಾಪಸು ಬರುತ್ತದೆ. ಮಾಡಿದೆ. ನಿಜಕ್ಕೂ ಚೆಂದ ಬಂತು. ಕಾಳುಕಾಳು ಕಾಣುತ್ತಿದ್ದದ್ದೂ ಈಗ ಬೇಕಂತಲೇ ಮಾಡಿದ ಹಾಗಿತ್ತು. ನನಗೆ ನಾನೇ ಬೆನ್ನು ತಟ್ಟಿಕೊಂಡು ಯಜಮಾನನಿಗೆ ತೋರಿಸಿದೆ.

ಅವನು ಬಹಳ ಹೊತ್ತು ನೋಡಿದ. ಮುಖ ಸಣ್ಣಗಾಯಿತು.

"ಮಾವ, ಭಾವಪೂರ್ಣ ಶ್ರದ್ಧಾಂಜಲಿ ಅಂತ ಬರೆಯೋದೊಂದೇ ಬಾಕಿ."

ಅದು ಹೌದು. ನಮ್ಮ ಊರಿನಲ್ಲಿ ಕಪ್ಪುಬಿಳುಪು ಮುಖ ಫ್ಲೆಕ್ಸ್ ಮೇಲೆ ಬಂದರೆ ಜನ ಮೊದಲು ಕೇಳುವುದೇ "ಯಾವಾಗ ಹೋದ್ರು?" ಎಂದು. ಕೊನೆಗೆ ಎಲ್ಲರಿಗೂ ತಿಳಿಯಾದ ಕಾಫಿ ಬಣ್ಣ ಹಾಕಿ, ಹಿಂದೆ ನೀಲಿ ಬಳಿದು ರಾಜಿ ಮಾಡಿಕೊಂಡೆವು.

ಅಕ್ಷರದ ಗೋಳು ಬೇರೆ. "ಶಿರಸಿಯಲ್ಲಿ ಸಂಗೀತ ಸಂಜೆ" ಎಂದು ಟೈಪ್ ಮಾಡಿದರೆ ಫೋಟೋಶಾಪ್ "ಶಿರಸಿಯಲ್‌ಲಿ" ಎಂದು ತೋರಿಸಿತು. ಒತ್ತಕ್ಷರ ಕೆಳಗೆ ಇಳಿಯಲು ಒಪ್ಪಲಿಲ್ಲ. ಭಾರತೀಯ ಭಾಷೆಗಳಿಗೆ ಬೇರೆ ಸೆಟ್ಟಿಂಗ್ ಇದೆ, ಅದನ್ನು ಬದಲಿಸಬೇಕು ಎಂದು ತಿಳಿಯುವಷ್ಟರಲ್ಲಿ ಮಧ್ಯರಾತ್ರಿ. ಅಲ್ಲಿಯವರೆಗೆ ಒತ್ತಕ್ಷರವೇ ಇಲ್ಲದ ಪದಗಳನ್ನು ಹುಡುಕುತ್ತಾ ಕೂತಿದ್ದೆ. "ಶಿರಸಿಯ ಸಂಜೆ ಸಂಗೀತ ಬಾ" ಎಂಬಲ್ಲಿಗೆ ಬಂದು ನಿಂತಿತ್ತು ನನ್ನ ಕನ್ನಡ.

ಫೈಲನ್ನು ಯಜಮಾನನಿಗೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿದೆ, ಹಾಗೆಯೇ ಮುಂದೆ ಕಳಿಸು ಎಂದು ಎರಡು ಸಲ ಹೇಳಿದೆ. ಅವನು ಅದನ್ನು ತೆರೆದು, ಮೆಚ್ಚಿ, ಸ್ಕ್ರೀನ್‌ಶಾಟ್ ಹೊಡೆದು ಫ್ಲೆಕ್ಸ್ ಅಂಗಡಿಗೆ ಫೋಟೋ ಆಗಿ ಕಳಿಸಿದ. ಅಡ್ಡಕ್ಕೆ 1600 ಚುಕ್ಕಿಯೂ ದಾಟದ ಚಿತ್ರ. ಎಂಟಡಿ ಅಂದರೆ 96 ಇಂಚು. ಭಾಗಿಸಿ ನೋಡಿ, ಇಂಚಿಗೆ ಹದಿನಾರು ಹದಿನೇಳು ಚುಕ್ಕಿ. ದೂರದಿಂದ ನೋಡಿದರೆ ಹುಡುಗರು, ಹತ್ತಿರ ಬಂದರೆ ಬಸ್‌ಸ್ಟ್ಯಾಂಡಿನ ನೆಲ. ಹಿಂದಿನ ನೀಲಿಯೂ ನೇರಳೆಗೆ ತಿರುಗಿತ್ತು, ಪ್ರಿಂಟಿನ ಶಾಯಿಗೆ ಆ ನೀಲಿ ಎಟುಕುವುದಿಲ್ಲವಂತೆ. ಸ್ಟೇಜಿನಲ್ಲಿ ಬೆಳಕು ಮಾಡಿದ್ದನ್ನು ಇಲ್ಲಿ ಶಾಯಿ ಮುಗಿಸಿತು.

ಆದರೂ ಕಟ್ಟಿದರು. ಅಕ್ಕ ಸಂಭ್ರಮದಿಂದ ನೋಡಲು ಬಂದಳು. ಎಡದಿಂದ ಬಲಕ್ಕೆ ನೋಡಿದಳು, ಮತ್ತೆ ಬಲದಿಂದ ಎಡಕ್ಕೆ.

"ಎಲ್ಲಾ ಇದ್ದು. ನಮ್ಮನೆ ಮಾಣಿ ಎಲ್ಲಿದ್ದ?"

ಮೂಲೆಯಲ್ಲಿದ್ದ. ಫ್ಲೆಕ್ಸಿಗೆ ಹಗ್ಗ ಕಟ್ಟಲು ಮೂಲೆಗಳಲ್ಲಿ ತೂತು ಮಾಡಿ ಕಬ್ಬಿಣದ ರಿಂಗ್ ಹೊಡೆಯುತ್ತಾರಲ್ಲ, ಆ ಮೂಲೆಯದ್ದು ಸರಿಯಾಗಿ ಅವನ ಹಣೆಗೆ ಬಿದ್ದಿತ್ತು. ರಿಂಗಿನ ಒಳಗಿಂದ ತೆಂಗಿನ ಹಗ್ಗ ಹೊರಟು ಲೈಟ್ ಕಂಬಕ್ಕೆ ಸುತ್ತಿತ್ತು. ಅಕ್ಕ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ. ಮಾಣಿ ಮಾತ್ರ, "ಇರಲಿ ಮಾವ, ಮೂರನೇ ಕಣ್ಣು" ಅಂದ.

ಪ್ರೋಗ್ರಾಂ ಮುಗಿದ ಮೇಲೆ ಫ್ಲೆಕ್ಸ್ ಅಕ್ಕನ ಮನೆಗೆ ಹೋಯಿತು. ಮೊನ್ನೆ ನಾನು ಅಲ್ಲಿದ್ದಾಗ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕಟ್ಟಿತು. ಅಂಗಳದ ತುಂಬ ಅಡಿಕೆ ಹರವಿತ್ತು. ಮನೆಮಂದಿಯೆಲ್ಲ ಓಡಿದರು. ಒಂದು ತುದಿ ಭಾವ, ಒಂದು ತುದಿ ಅಕ್ಕ, ಇನ್ನೊಂದನ್ನು ಮಾಣಿ ಎರಡೂ ಕೈಯಲ್ಲಿ ಎತ್ತಿ ಹಿಡಿದ. ತನ್ನ ಹಣೆಯ ರಿಂಗಿಗೆ ತಾನೇ ಹಗ್ಗ ಪೋಣಿಸಿ ತುಳಸಿಕಟ್ಟೆಗೆ ಬಿಗಿಯುತ್ತಿದ್ದ. ಮೋಡದ ಬೆಳಕು ಮೆತ್ತಗೆ, ಬೆಳ್ಳಗೆ ಮುಖದ ಮೇಲೆ ಬಿದ್ದಿತ್ತು. ಎದುರಿಗೆ ತಟ್ಟೆಯಿಲ್ಲ, ಹೊಗೆಯಿಲ್ಲ. ರೆಪ್ಪೆಯ ಮೇಲೆ ಮಳೆಯ ಎರಡು ಹನಿ ನಿಂತಿದ್ದವು. ನಾನು ಜೇಬಿಗೆ ಕೈ ಹಾಕಿ ಫೋನ್ ತೆಗೆದೆ.

"ಫೋಟೋ ಸಾಕು ತಮಾ," ಅಕ್ಕ ಕೂಗಿದಳು, "ಆ ಬದಿ ಹಿಡ್ಕ ಮೊದ್ಲು!"